ತಿಸಾ ತೀರದ ಒಂದು ವಿದ್ವತ್ಪತ್ರಿಕೆ

ವಿಶ್ವವಿದ್ಯಾನಿಲಯವೊಂದರ ಚರಿತ್ರೆಯನ್ನು ಬರೆಯುವವರು ಅದರ ಕಟ್ಟಡಗಳನ್ನೂ ಕುಲಪತಿಗಳನ್ನೂ ಹೆಸರಾಂತ ವಿದ್ಯಾರ್ಥಿಗಳನ್ನೂ ನೆನೆಯುವುದು ವಾಡಿಕೆ. ಅದು ಹೊರಡಿಸುವ ವಿದ್ವತ್ಪತ್ರಿಕೆಯ ಕಡೆಗೆ ಅವರ ಗಮನ ಹೋಗುವುದು ಅಪೂರ್ವ. ಅಂಥ ಪತ್ರಿಕೆಯನ್ನು ಅಂಗಡಿಯಲ್ಲಿ ಮಾರುವುದಿಲ್ಲ, ರೈಲಿನಲ್ಲಿ ಕುಳಿತು ಯಾರೂ ಓದುವುದಿಲ್ಲ. ಗ್ರಂಥಾಲಯದ ಮೂಲೆಯ ಕಪಾಟಿನಲ್ಲಿ ಸಂಪುಟದ ಪಕ್ಕದಲ್ಲಿ ಸಂಪುಟ ಬಂದು ಕೂಡುತ್ತದೆ, ಅಷ್ಟೆ. ಆದರೂ ಒಂದು ಊರು ವಿದ್ಯಾಲೋಕದಲ್ಲಿ ತನಗೊಂದು ಸ್ಥಾನವನ್ನು ಹೇಗೆ ಸಂಪಾದಿಸಿಕೊಳ್ಳುತ್ತದೆಂಬುದನ್ನು ತಿಳಿಯಬೇಕಾದರೆ ಆ ಕಪಾಟಿನ ಮುಂದೆಯೇ ನಿಲ್ಲಬೇಕು. ಹಂಗೇರಿಯ ದಕ್ಷಿಣ ಭಾಗದ ಸೆಗೆಡ್ ನಗರದಿಂದ ೧೯೬೯ರಲ್ಲಿ ಹೊರಟ ‘ಆಕ್ಟಾ ಸೈಬರ್ನೆಟಿಕಾ’ ಎಂಬ ಗಣಕ ವಿಜ್ಞಾನ ಪತ್ರಿಕೆಯ ಕಥೆಯನ್ನು ಈ ದೃಷ್ಟಿಯಿಂದ ನೋಡಬಹುದು.

ಸೆಗೆಡ್ ತಿಸಾ ನದಿಯ ದಡದ ಮೇಲಿನ ಊರು. ಕೆಂಪು ಮೆಣಸಿನ ಪುಡಿಗೆ ಹೆಸರಾದ ಊರು. ೧೮೭೯ರ ಮಹಾಪೂರದಲ್ಲಿ ಬಹುಮಟ್ಟಿಗೆ ಕೊಚ್ಚಿಹೋಗಿ, ಮತ್ತೆ ಹೊಸದಾಗಿ ಕಟ್ಟಲ್ಪಟ್ಟ ಊರು. ಅಲ್ಲಿಗೆ ವಿಶ್ವವಿದ್ಯಾನಿಲಯ ಬಂದುದೂ ಒಂದು ವಿಪತ್ತಿನಿಂದಲೇ. ೧೮೭೨ರಲ್ಲಿ ಕೊಲೊಜ್ವಾರ್ ನಗರದಲ್ಲಿ ಸ್ಥಾಪಿತವಾಗಿದ್ದ ಹಂಗೇರಿಯನ್ ವಿಶ್ವವಿದ್ಯಾನಿಲಯ, ಮೊದಲನೆಯ ಮಹಾಯುದ್ಧದ ಬಳಿಕ ಆ ನಗರ ರುಮೇನಿಯಕ್ಕೆ ಸೇರಿಹೋದುದರಿಂದ, ನೆಲೆಯಿಲ್ಲದಂತಾಯಿತು. ೧೯೨೧ರಲ್ಲಿ ಸೆಗೆಡ್ ಅದಕ್ಕೆ ಆಶ್ರಯ ಕೊಟ್ಟಿತು. ಪ್ರಾಧ್ಯಾಪಕರು ಬಂದರು, ಪುಸ್ತಕಗಳು ಬರಲಿಲ್ಲ. ದಶಕಗಳ ಕಾಲ ಕೂಡಿಸಿದ್ದ ಗ್ರಂಥಾಲಯ ಗಡಿಯ ಆಚೆಗೇ ಉಳಿಯಿತು. ಸೋತ ದೇಶದ ಬೊಕ್ಕಸವಾದರೂ ಹೊರನಾಡಿನ ಪುಸ್ತಕಗಳನ್ನು ಧಾರಾಳವಾಗಿ ತರಿಸುವ ಸ್ಥಿತಿಯಲ್ಲಿರಲಿಲ್ಲ.

ಹೀಗೆ ಬಂದವರಲ್ಲಿ ಫ್ರಿಡ್ಯೆಶ್ ರೀಸ್ ಮತ್ತು ಆಲ್ಫ್ರೇಡ್ ಹಾರ್ ಎಂಬ ಇಬ್ಬರು ಗಣಿತಜ್ಞರಿದ್ದರು. ಇಬ್ಬರೂ ಆಗಲೇ ಯುರೋಪಿನಲ್ಲಿ ಹೆಸರು ಪಡೆದವರು. ಅವರು ೧೯೨೨ರಲ್ಲಿ ಗಣಿತಕ್ಕೇ ಮೀಸಲಾದ ಒಂದು ಪತ್ರಿಕೆಯನ್ನು ಆರಂಭಿಸಿದರು. ಮುಂದೆ ‘ಆಕ್ಟಾ ಸೈಂಟಿಯಾರಂ ಮ್ಯಾಥಮ್ಯಾಟಿಕಾರಂ’ ಎಂದು ಪ್ರಸಿದ್ಧವಾದದ್ದು ಅದೇ. ಅದರ ಲೇಖನಗಳು ಹಂಗೇರಿಯನ್ ಭಾಷೆಯಲ್ಲಿರಲಿಲ್ಲ. ಜರ್ಮನ್, ಫ್ರೆಂಚ್, ಇಂಗ್ಲಿಷ್ ಮುಂತಾದ ಭಾಷೆಗಳಲ್ಲಿದ್ದವು. ಪತ್ರಿಕೆಯ ಪ್ರತಿಗಳನ್ನು ಹೊರದೇಶದ ವಿದ್ಯಾಸಂಸ್ಥೆಗಳಿಗೆ ಕಳುಹಿಸಿ, ಹಣಕ್ಕೆ ಬದಲಾಗಿ ಆ ಸಂಸ್ಥೆಗಳ ಪತ್ರಿಕೆಗಳನ್ನೇ ತರಿಸಿಕೊಂಡರು. ಹೀಗೆ ಕೊಟ್ಟು ಕೊಂಡು, ಹನಿಗೂಡಿ ಹಳ್ಳವಾಗುವಂತೆ, ಸೆಗೆಡ್‌ನಲ್ಲಿ ಒಂದು ಒಳ್ಳೆಯ ಗಣಿತ ಗ್ರಂಥಾಲಯ ಬೆಳೆಯಿತು. ಓದಲು ಪುಸ್ತಕಗಳಿಲ್ಲದವರು ಪುಸ್ತಕಗಳಿಗಾಗಿಯೇ ಬರೆಯತೊಡಗಿದರೆಂದರೆ ಅತಿಶಯೋಕ್ತಿಯಾಗದು. ಬೇರೆಯವರಿಂದ ಪಡೆಯಬೇಕಾದರೆ ಕೊಡಲು ತನ್ನದೆಂಬುದು ಏನಾದರೂ ಇರಬೇಕು. ಪತ್ರಿಕೆ ಆ ‘ತನ್ನದು’. ಈ ಪಾಠವನ್ನು ಸೆಗೆಡ್ ಮರೆಯಲಿಲ್ಲ.

ರೀಸ್ ಮತ್ತು ಹಾರ್ ಅವರ ಕೈಕೆಳಗೆ ಸಹಾಯಕನಾಗಿ ಬಂದ ತರುಣರಲ್ಲಿ ಲಾಸ್ಲೊ ಕಲ್ಮಾರ್ ಒಬ್ಬರು. ೧೯೦೫ರಲ್ಲಿ ಹುಟ್ಟಿದ ಇವರು ಬುಡಾಪೆಸ್ಟ್‌ನಲ್ಲಿ ಓದಿ, ಸೆಗೆಡ್‌ಗೆ ಬಂದು, ಬಾಳಿನ ಉಳಿದ ಭಾಗವನ್ನೆಲ್ಲ ಅಲ್ಲಿಯೇ ಕಳೆದರು. ಅವರ ಮುಖ್ಯ ಆಸಕ್ತಿ ಗಣಿತ ತರ್ಕಶಾಸ್ತ್ರ. ಒಂದು ಪ್ರಮೇಯ ನಿಜವೋ ಸುಳ್ಳೋ ಎಂಬುದನ್ನು ಯಾಂತ್ರಿಕವಾದ ಒಂದು ಕ್ರಮದಿಂದ ನಿರ್ಣಯಿಸುವುದು ಸಾಧ್ಯವೇ? ಲೆಕ್ಕಿಸಬಲ್ಲದ್ದು ಯಾವುದು, ಲೆಕ್ಕಿಸಲಾರದ್ದು ಯಾವುದು? ಗಣಕಯಂತ್ರಗಳು ಇನ್ನೂ ಹುಟ್ಟದಿದ್ದ ಕಾಲದಲ್ಲಿ ಕಾಗದ ಪೆನ್ಸಿಲುಗಳಿಂದ ವಿಚಾರಿಸುತ್ತಿದ್ದ ಈ ಪ್ರಶ್ನೆಗಳೇ ಮುಂದೆ ಗಣಕ ವಿಜ್ಞಾನದ ತಳಹದಿಯಾದವು. ಆದ್ದರಿಂದ ಯಂತ್ರ ಬಂದಾಗ ಕಲ್ಮಾರ್ ಅವರಿಗೆ ಅದು ಅಪರಿಚಿತ ಅತಿಥಿಯಾಗಿ ತೋರಲಿಲ್ಲ.

ಆದರೆ ಕಾಲ ಅನುಕೂಲವಾಗಿರಲಿಲ್ಲ. ೧೯೪೮ರಲ್ಲಿ ಅಮೆರಿಕದ ನಾರ್ಬರ್ಟ್ ವೀನರ್ ತಮ್ಮ ಗ್ರಂಥವೊಂದರಲ್ಲಿ ‘ಸೈಬರ್ನೆಟಿಕ್ಸ್’ ಎಂಬ ಹೊಸ ಶಾಸ್ತ್ರವನ್ನು ಪ್ರತಿಪಾದಿಸಿದರು. ಹಡಗಿನ ಚುಕ್ಕಾಣಿ ಹಿಡಿಯುವವನನ್ನು ಸೂಚಿಸುವ ಗ್ರೀಕ್ ಶಬ್ದದಿಂದ ಬಂದ ಹೆಸರು ಇದು. ಪ್ರಾಣಿಗಳಲ್ಲಿಯೂ ಯಂತ್ರಗಳಲ್ಲಿಯೂ ನಿಯಂತ್ರಣ ಮತ್ತು ಸಂವಹನಗಳು ಹೇಗೆ ನಡೆಯುತ್ತವೆಂಬುದರ ಅಧ್ಯಯನ ಅದು. ಸೋವಿಯತ್ ಒಕ್ಕೂಟದ ಅಧಿಕೃತ ತತ್ತ್ವಚಿಂತಕರಿಗೆ ಇದು ಹಿಡಿಸಲಿಲ್ಲ. ೧೯೫೪ರಲ್ಲಿ ಅಲ್ಲಿ ಪ್ರಕಟವಾದ ತತ್ತ್ವಶಾಸ್ತ್ರದ ಒಂದು ನಿಘಂಟು ಇದನ್ನು ಪ್ರತಿಗಾಮಿಯಾದ ಹುಸಿ ವಿಜ್ಞಾನವೆಂದು ಕರೆಯಿತು. ಮಾಸ್ಕೋದಲ್ಲಿ ಬೀಸಿದ ಗಾಳಿ ಬುಡಾಪೆಸ್ಟ್‌ಗೂ ತಟ್ಟುತ್ತಿದ್ದ ದಿನಗಳು ಅವು. ಕೆಲವೇ ವರ್ಷಗಳಲ್ಲಿ ಗಾಳಿ ದಿಕ್ಕು ಬದಲಿಸಿತು. ನಿಷಿದ್ಧವಾಗಿದ್ದ ಶಬ್ದ ಪ್ರತಿಷ್ಠೆಯ ಶಬ್ದವಾಯಿತು. ಹೊರಗಿನ ಈ ಏರಿಳಿತಗಳ ನಡುವೆ ಕಲ್ಮಾರ್ ಸೆಗೆಡ್‌ನಲ್ಲಿ ಒಂದು ಚಿಕ್ಕ ಬಳಗವನ್ನು ಕಟ್ಟಿಕೊಂಡರು.

ಆ ಬಳಗದ ಕೆಲಸಗಳು ಇಂದಿಗೂ ಕುತೂಹಲ ಹುಟ್ಟಿಸುತ್ತವೆ. ತರ್ಕವಾಕ್ಯಗಳ ಸತ್ಯಾಸತ್ಯಗಳನ್ನು ವಿದ್ಯುತ್ ಸಂಪರ್ಕಗಳ ಮೂಲಕ ಪರೀಕ್ಷಿಸುವ ಒಂದು ಯಂತ್ರವನ್ನು ಕಲ್ಮಾರ್ ರೂಪಿಸಿದರು. ಅವರ ಸಹೋದ್ಯೋಗಿ ದಾನಿಯೆಲ್ ಮುಸ್ಕಾ ೧೯೫೭ರಲ್ಲಿ ಒಂದು ಕೃತಕ ಗುಲಗಂಜಿ ಹುಳುವನ್ನು ನಿರ್ಮಿಸಿದರು. ಅದು ಬೆಳಕನ್ನು ಕಂಡರೆ ಅದರತ್ತ ಹರಿಯುತ್ತಿತ್ತು; ಬೆನ್ನಿನ ಚುಕ್ಕೆಯನ್ನು ಮುಟ್ಟಿದರೆ ಮುನಿಯುತ್ತಿತ್ತು; ಶಬ್ದಕ್ಕೂ ಬೆಳಕಿಗೂ ಸಂಬಂಧವನ್ನು ‘ಕಲಿಯುತ್ತಿತ್ತು’. ೧೯೬೩ರಲ್ಲಿ ವಿಶ್ವವಿದ್ಯಾನಿಲಯದಲ್ಲಿ ಸೈಬರ್ನೆಟಿಕ್ಸ್ ಪ್ರಯೋಗಾಲಯ ಆರಂಭವಾಯಿತು. ಹಂಗೇರಿಯ ಮೊದಲ ಗಣಕಯಂತ್ರವಾದ ಎಂ-೩, ಬುಡಾಪೆಸ್ಟ್‌ನಲ್ಲಿ ದುಡಿದು ಹಳತಾದ ಮೇಲೆ, ೧೯೬೫ರಲ್ಲಿ ಸೆಗೆಡ್‌ಗೆ ಬಂತು. ರಾಜಧಾನಿಗೆ ಹಳತಾದದ್ದು ಜಿಲ್ಲಾ ನಗರಕ್ಕೆ ಹೊಸದು. ನಿರ್ವಾತ ಕೊಳವೆಗಳ ಆ ಯಂತ್ರದ ಮುಂದೆ ಒಂದು ತಲೆಮಾರಿನ ವಿದ್ಯಾರ್ಥಿಗಳು ಕೈ ಪಳಗಿಸಿಕೊಂಡರು.

ಈ ನೆಲದಲ್ಲಿಯೇ ೧೯೬೯ರಲ್ಲಿ ‘ಆಕ್ಟಾ ಸೈಬರ್ನೆಟಿಕಾ’ ಮೊಳೆತದ್ದು. ಇಲ್ಲಿ ಸಾಹಿತ್ಯಾಸಕ್ತರು ಗಮನಿಸಬೇಕಾದ ಒಂದು ಸಂಗತಿಯುಂಟು. ಆಗ ಆ ವಿಶ್ವವಿದ್ಯಾನಿಲಯ ಆಟಿಲಾ ಯೋಜೆಫ್ ಎಂಬ ಕವಿಯ ಹೆಸರನ್ನು ಹೊತ್ತಿತ್ತು. ಈ ಕವಿ ೧೯೨೫ರಲ್ಲಿ ಅಲ್ಲಿಯೇ ವಿದ್ಯಾರ್ಥಿಯಾಗಿದ್ದ. ಅವನು ಬರೆದ ಒಂದು ಕವಿತೆಯಿಂದ ಕ್ರುದ್ಧರಾದ ಪ್ರಾಧ್ಯಾಪಕರೊಬ್ಬರು, ಇಂಥವನು ಉಪಾಧ್ಯಾಯನಾಗದಂತೆ ನೋಡಿಕೊಳ್ಳುವೆನೆಂದು ಬೆದರಿಸಿದರು; ಇಪ್ಪತ್ತರ ಹರೆಯದ ಕವಿ ಊರು ಬಿಟ್ಟು ಹೋದ. ೧೯೩೭ರಲ್ಲಿ, ಮೂವತ್ತೆರಡನೆಯ ವಯಸ್ಸಿನಲ್ಲಿ ತೀರಿಕೊಂಡ. ೧೯೬೨ರಲ್ಲಿ ಅದೇ ವಿಶ್ವವಿದ್ಯಾನಿಲಯ ಅವನ ಹೆಸರನ್ನೇ ಇಟ್ಟುಕೊಂಡಿತು. ಹೀಗಾಗಿ ಗಣಕ ವಿಜ್ಞಾನದ ಈ ಪತ್ರಿಕೆ ಮೂರು ದಶಕಗಳ ಕಾಲ ಹೊರಬಂದದ್ದು ಒಂದು ಕಾಲಕ್ಕೆ ಬಾಗಿಲು ಮುಚ್ಚಿಸಿಕೊಂಡಿದ್ದ ಕವಿಯೊಬ್ಬನ ಹೆಸರಿನ ಆಶ್ರಯದಲ್ಲಿ. ೨೦೦೦ದಲ್ಲಿ ನಗರದ ಬೇರೆ ಬೇರೆ ಉನ್ನತ ವಿದ್ಯಾಸಂಸ್ಥೆಗಳು ಒಂದುಗೂಡಿ ‘ಸೆಗೆಡ್ ವಿಶ್ವವಿದ್ಯಾನಿಲಯ’ವೆಂಬ ಹೆಸರು ಬಂತು.

ಪತ್ರಿಕೆಯ ಆರಂಭದ ಸಂಪುಟಗಳ ಮುಖಪುಟ ಲ್ಯಾಟಿನ್ ಭಾಷೆಯಲ್ಲಿದೆ. ಹಂಗೇರಿಯ ಸೈಬರ್ನೆಟಿಕ್ಸ್ ಪ್ರಕಟಣೆಗಳ ಕೇಂದ್ರ ವೇದಿಕೆ ಎಂಬುದು ಅದರ ಉಪಶೀರ್ಷಿಕೆಯ ಅರ್ಥ. ಅತ್ಯಾಧುನಿಕವಾದ ಶಾಸ್ತ್ರಕ್ಕೆ ಅತಿ ಪ್ರಾಚೀನ ಭಾಷೆಯ ಉಡುಗೆ! ಇದು ಕೇವಲ ಅಲಂಕಾರವಲ್ಲ. ಪಶ್ಚಿಮದಲ್ಲಿ ಇಂಗ್ಲಿಷ್, ಪೂರ್ವದಲ್ಲಿ ರಷ್ಯನ್ ಎಂಬ ಎರಡು ಭಾಷೆಗಳು ಲೋಕವನ್ನು ಹಂಚಿಕೊಂಡಿದ್ದ ಕಾಲದಲ್ಲಿ ಲ್ಯಾಟಿನ್ ಯಾವ ಪಕ್ಷದ್ದೂ ಅಲ್ಲದ ಭಾಷೆ. ೧೯೭೬ರಲ್ಲಿ ಕಲ್ಮಾರ್ ತೀರಿಕೊಂಡ ಮೇಲೆ ಆ ಮುಖಪುಟದಲ್ಲಿ ಎರಡು ಹೆಸರುಗಳು ಒಟ್ಟಿಗೆ ಕಾಣುತ್ತವೆ: ಸ್ಥಾಪಿಸಿದವರು ಕಲ್ಮಾರ್, ಸಂಪಾದಿಸುತ್ತಿರುವವರು ಗೇಚೆಗ್. ಒಂದು ಕ್ರಿಯಾಪದ ಭೂತಕಾಲದ್ದು, ಇನ್ನೊಂದು ವರ್ತಮಾನದ್ದು. ಪತ್ರಿಕೆಯ ಬಾಳು ಈ ಎರಡು ಕ್ರಿಯಾಪದಗಳ ನಡುವೆಯೇ ಇದೆ. ಸ್ಥಾಪಿಸಿದವರನ್ನು ಸ್ಮರಿಸುವುದು ಸುಲಭ. ಸಂಪಾದಿಸುತ್ತಲೇ ಇರುವುದು ಕಷ್ಟ.

ಫೆರೆಂಟ್ಸ್ ಗೇಚೆಗ್ ಆ ಕಷ್ಟವನ್ನು ಬಹುಕಾಲ ಹೊತ್ತವರು. ಅವರ ಕ್ಷೇತ್ರ ಸ್ವಯಂಚಾಲಕಗಳ ಬೀಜಗಣಿತ. ಇಲ್ಲಿ ಸ್ವಯಂಚಾಲಕವೆಂದರೆ ಕಣ್ಣಿಗೆ ಕಾಣುವ ಯಂತ್ರವಲ್ಲ. ಒಂದೊಂದು ಚಿಹ್ನೆಯನ್ನು ಓದಿದಂತೆಲ್ಲ ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ಸಾಗುವ ಕಲ್ಪಿತ ಯಂತ್ರ. ವ್ಯಾಕರಣದ ಪಾಠದಲ್ಲಿ ಒಂದು ವಾಕ್ಯವನ್ನು ಬಿಡಿಸಿ ಕರ್ತೃ, ಕರ್ಮ, ಕ್ರಿಯಾಪದಗಳನ್ನು ಕೊಂಬೆ ಕೊಂಬೆಯಾಗಿ ಬರೆದರೆ ಮರದ ಆಕಾರವೊಂದು ಮೂಡುತ್ತದೆಯಷ್ಟೆ? ಅಂಥ ಮರಗಳನ್ನೇ ಓದಬಲ್ಲ ಸ್ವಯಂಚಾಲಕಗಳ ಬಗ್ಗೆ ಗೇಚೆಗ್ ಅವರೂ ಫಿನ್ಲೆಂಡಿನ ಮಾಗ್ನುಸ್ ಸ್ಟೈನ್‌ಬಿ ಅವರೂ ಕೂಡಿ ೧೯೮೪ರಲ್ಲಿ ಪ್ರಕಟಿಸಿದ ಗ್ರಂಥ ಆ ಶಾಸ್ತ್ರದ ಆಧಾರಗ್ರಂಥಗಳಲ್ಲೊಂದಾಯಿತು. ಸಂಪಾದಕರ ಈ ಒಲವು ಪತ್ರಿಕೆಯ ಮೇಲೂ ತನ್ನ ಮುದ್ರೆಯನ್ನೊತ್ತಿತು. ಸ್ವಯಂಚಾಲಕಗಳು ಮತ್ತು ಕೃತಕ ಭಾಷೆಗಳ ವ್ಯಾಕರಣವನ್ನು ಕುರಿತ ಲೇಖನಗಳಿಗೆ ಸೆಗೆಡ್ ಒಂದು ನೆಲೆಯಾಯಿತು.

ಕಾಲಕ್ರಮದಲ್ಲಿ ಹರವು ಹೆಚ್ಚಿತು. ಮುಂದೆ ಪ್ರಧಾನ ಸಂಪಾದಕರಾದ ಯಾನೋಶ್ ಚಿರಿಕ್ ಅವರ ಅಧ್ಯಯನದ ವಿಷಯ ನಮ್ಮ ಮನೆಯ ಹೆಂಗಸರೆಲ್ಲ ಬಲ್ಲದ್ದು: ಬೇರೆ ಬೇರೆ ಗಾತ್ರದ ವಸ್ತುಗಳನ್ನು ಆದಷ್ಟು ಕಡಮೆ ಪೆಟ್ಟಿಗೆಗಳಲ್ಲಿ ತುಂಬುವುದು ಹೇಗೆ? ಕೇಳಲು ಸರಳವಾದ ಈ ಪ್ರಶ್ನೆ ಎಂಥ ವೇಗದ ಗಣಕವನ್ನೂ ತಬ್ಬಿಬ್ಬುಗೊಳಿಸುವಂಥದು. ಚಿತ್ರಗಳ ವಿಶ್ಲೇಷಣೆ, ತಂತ್ರಾಂಶ ನಿರ್ಮಾಣ, ಅತ್ಯುತ್ತಮ ಪರಿಹಾರಗಳ ಅನ್ವೇಷಣೆ ಮುಂತಾದ ವಿಷಯಗಳೂ ಪುಟಗಳಲ್ಲಿ ಕಾಣಿಸಿಕೊಂಡವು. ‘ಸೈಬರ್ನೆಟಿಕ್ಸ್’ ಎಂಬ ಶಬ್ದವೇ ಲೋಕದಲ್ಲಿ ಹಿಂದೆ ಸರಿದು ಗಣಕ ವಿಜ್ಞಾನವೆಂಬ ಹೆಸರು ನೆಲೆಗೊಂಡಿತು. ಪತ್ರಿಕೆ ಮಾತ್ರ ತನ್ನ ಹಳೆಯ ಹೆಸರನ್ನು ಬಿಡಲಿಲ್ಲ. ಅಜ್ಜನ ಹೆಸರನ್ನು ಹೊತ್ತ ಮೊಮ್ಮಗನಂತೆ ಅದು ಹೊಸ ಕೆಲಸಗಳನ್ನು ಹಳೆಯ ಹೆಸರಿನಲ್ಲಿ ಮಾಡುತ್ತ ಬಂದಿದೆ.

ಬೆಳವಣಿಗೆಯೆಂದರೆ ಗಾತ್ರವೆಂದೇ ಭಾವಿಸುವವರಿಗೆ ಈ ಪತ್ರಿಕೆ ನಿರಾಶೆಯನ್ನುಂಟುಮಾಡಬಹುದು. ನಾಲ್ಕು ಸಂಚಿಕೆಗಳಿಗೆ ಒಂದು ಸಂಪುಟ. ಸುಮಾರು ಎರಡು ವರ್ಷಗಳಿಗೊಂದು ಸಂಪುಟ. ಐವತ್ತು ವರ್ಷ ತುಂಬಿದ ೨೦೧೯ರಲ್ಲಿ ಅದು ತಲುಪಿದ್ದು ಇಪ್ಪತ್ತನಾಲ್ಕನೆಯ ಸಂಪುಟವನ್ನು. ತಿಂಗಳು ತಿಂಗಳೂ ನೂರಾರು ಪುಟಗಳನ್ನು ಸುರಿಯುವ ದೊಡ್ಡ ಪತ್ರಿಕೆಗಳ ಎದುರಿಗೆ ಇದು ಎಷ್ಟರದು? ವಿದ್ವಾಂಸರ ಯೋಗ್ಯತೆಯನ್ನು ಅವರು ಬರೆದ ಪತ್ರಿಕೆಯ ಅಂತಸ್ತಿನಿಂದ ಅಳೆಯುವ ಪದ್ಧತಿ ಬಲವಾದ ಮೇಲೆ, ಒಳ್ಳೆಯ ಬೆಳೆಯೆಲ್ಲ ದೊಡ್ಡ ಸಂತೆಗೆ ಹೋಗುವಂತೆ, ಒಳ್ಳೆಯ ಲೇಖನಗಳು ದೊಡ್ಡ ಪತ್ರಿಕೆಗಳನ್ನು ಅರಸಿ ಹೋಗುವುದು ಸಹಜ. ಇದು ಲೋಕದ ಎಲ್ಲ ಚಿಕ್ಕ ವಿಶ್ವವಿದ್ಯಾನಿಲಯ ಪತ್ರಿಕೆಗಳ ಸಂಕಟ.

ಈ ಸಂಕಟಕ್ಕೆ ಸೆಗೆಡ್ ಕಂಡುಕೊಂಡ ಉತ್ತರ ವಿವೇಕದ್ದು. ೧೯೯೮ರಿಂದ ಅಲ್ಲಿ ಎರಡು ವರ್ಷಗಳಿಗೊಮ್ಮೆ ಗಣಕ ವಿಜ್ಞಾನದ ಸಂಶೋಧನ ವಿದ್ಯಾರ್ಥಿಗಳ ಸಮ್ಮೇಳನವೊಂದು ನಡೆಯುತ್ತ ಬಂದಿದೆ. ಅಲ್ಲಿ ಓದಿದ ಪ್ರಬಂಧಗಳಲ್ಲಿ ಆಯ್ದವು, ಪರಿಶೀಲಕರ ಕಣ್ಣು ಹಾಯ್ದು, ತಿದ್ದುಪಡಿಗೊಂಡು ಈ ಪತ್ರಿಕೆಯಲ್ಲಿ ಪ್ರಕಟವಾಗುತ್ತವೆ. ತರುಣನೊಬ್ಬನಿಗೆ ತನ್ನ ಮೊದಲ ಲೇಖನದ ಮೇಲೆ ಅಪರಿಚಿತ ಹಿರಿಯನೊಬ್ಬನು ಬರೆದ ಕಟುವಾದ, ಆದರೆ ನ್ಯಾಯವಾದ ಟಿಪ್ಪಣಿ ಕೊಡುವ ಶಿಕ್ಷಣವನ್ನು ತರಗತಿಯ ಯಾವ ಪಾಠವೂ ಕೊಡಲಾರದು. ಹಿಂದೆ ಪುಸ್ತಕಗಳನ್ನು ತರುವುದಕ್ಕಾಗಿ ಪತ್ರಿಕೆ ನಡೆಸಿದ ಊರು ಈಗ ಮನುಷ್ಯರನ್ನು ತಯಾರಿಸುವುದಕ್ಕಾಗಿ ಪತ್ರಿಕೆ ನಡೆಸುತ್ತಿದೆ.

ಇನ್ನೊಂದು ನಿರ್ಧಾರವೂ ಅಷ್ಟೇ ಮುಖ್ಯವಾದದ್ದು. ಹಿರಿಯಕ್ಕನಾದ ಗಣಿತ ಪತ್ರಿಕೆ ಇತ್ತೀಚಿನ ವರ್ಷಗಳಲ್ಲಿ ಅಂತರರಾಷ್ಟ್ರೀಯ ಪ್ರಕಾಶನ ಸಂಸ್ಥೆಯೊಂದರ ಮೂಲಕ ಹೊರಬರುತ್ತಿದೆ. ಅದರಿಂದ ಅದಕ್ಕೆ ವ್ಯಾಪಕ ಪ್ರಚಾರ ದೊರೆಯುವುದನ್ನು ಅಲ್ಲಗಳೆಯಲಾಗದು. ತಂಗಿಯಾದ ‘ಆಕ್ಟಾ ಸೈಬರ್ನೆಟಿಕಾ’ ಮಾತ್ರ ವಿಶ್ವವಿದ್ಯಾನಿಲಯದ ಕೈಯಲ್ಲೇ ಉಳಿದಿದೆ. ಬರೆಯುವವರಿಂದ ಹಣ ಕೇಳುವುದಿಲ್ಲ, ಓದುವವರಿಂದಲೂ ಕೇಳುವುದಿಲ್ಲ. ಮೊದಲ ಸಂಪುಟದಿಂದ ಮೊದಲುಗೊಂಡು ಎಲ್ಲವನ್ನೂ ಲೋಕದ ಯಾವ ಮೂಲೆಯಲ್ಲಿರುವವರೂ ಅಂತರಜಾಲದಲ್ಲಿ ಉಚಿತವಾಗಿ ಓದಬಹುದು. ೧೯೨೨ರಲ್ಲಿ ‘ಕೊಟ್ಟು ಕೊಳ್ಳುವುದು’ ಎಂಬ ನೀತಿಯಿಂದ ಆರಂಭವಾದದ್ದು, ಒಂದು ಶತಮಾನದ ನಂತರ, ಬದಲಿಗೆ ಏನನ್ನೂ ಕೇಳದೆ ಕೊಡುವ ಸ್ಥಿತಿಗೆ ಮುಟ್ಟಿದೆ. ನಿಜವಾದ ಬೆಳವಣಿಗೆಯೆಂದರೆ ಇದೇ ಇರಬೇಕು.

ಇದಕ್ಕೆಲ್ಲ ತೆತ್ತ ಬೆಲೆಯನ್ನು ಮರೆಯುವಂತಿಲ್ಲ. ಹಂಗೇರಿಯನ್ನರು ತಮ್ಮ ಭಾಷೆಯನ್ನು ಪ್ರಾಣದಂತೆ ಪ್ರೀತಿಸುವ ಜನ. ಆದರೂ ಈ ಪತ್ರಿಕೆ ಅವರ ಭಾಷೆಯಲ್ಲಿಲ್ಲ. ಲೋಕಕ್ಕೆ ಕಿಟಕಿ ತೆರೆದವರು ಮನೆಯ ಮಾತನ್ನು ಕಿಟಕಿಯ ಒಳಗೇ ಬಿಟ್ಟು ಮಾತನಾಡಬೇಕಾಯಿತು. ಚಿಕ್ಕ ಭಾಷೆಗಳ ವಿದ್ವಾಂಸರೆಲ್ಲರಿಗೂ ಈ ನೋವು ಗೊತ್ತು, ಇದಕ್ಕೆ ಸುಲಭವಾದ ಪರಿಹಾರವಿಲ್ಲವೆಂಬುದೂ ಗೊತ್ತು. ಸೆಗೆಡ್‌ನ ಉದಾಹರಣೆ ಹೇಳುವುದಿಷ್ಟೆ: ಮಾತು ಯಾವ ಭಾಷೆಯದಾದರೂ ಆಗಲಿ, ಮಾತನಾಡುವ ಜಗಲಿ ತನ್ನದಾಗಿರಬೇಕು. ಬೇರೆಯವರ ಜಗಲಿಯಲ್ಲಿ ಕುಳಿತವನು ಎಷ್ಟೇ ಚೆನ್ನಾಗಿ ಮಾತನಾಡಿದರೂ ಅತಿಥಿ. ತನ್ನ ಜಗಲಿಯಲ್ಲಿ ನಾಲ್ಕು ಜನರನ್ನು ಕರೆದು ಕೂರಿಸಿದವನು ಆತಿಥೇಯ.

ಕಲ್ಮಾರ್ ಅವರಿಗೆ ೧೯೯೬ರಲ್ಲಿ, ಅವರು ತೀರಿಕೊಂಡ ಇಪ್ಪತ್ತು ವರ್ಷಗಳ ಮೇಲೆ, ಗಣಕ ವಿಜ್ಞಾನದ ಆದ್ಯಪ್ರವರ್ತಕರಿಗೆ ಸಲ್ಲುವ ಅಂತರರಾಷ್ಟ್ರೀಯ ಗೌರವವೊಂದು ಸಂದಿತು. ಅವರ ತರ್ಕಯಂತ್ರ ಇಂದು ಚರಿತ್ರೆಯ ವಸ್ತು. ಮುಸ್ಕಾ ಅವರ ಗುಲಗಂಜಿ ಹುಳು ಸೆಗೆಡ್‌ನ ಗಣಕ ಇತಿಹಾಸದ ಪ್ರದರ್ಶನದಲ್ಲಿ ಮಕ್ಕಳ ಕಣ್ಣಿಗೆ ಹಬ್ಬವಾಗಿದೆ. ಪತ್ರಿಕೆಯೊಂದೇ ಇನ್ನೂ ಪ್ರದರ್ಶನದ ವಸ್ತುವಾಗಿಲ್ಲ. ಅದರ ಮುಂದಿನ ಸಂಚಿಕೆಗಾಗಿ ಯಾವನೋ ಒಬ್ಬ ವಿದ್ಯಾರ್ಥಿ ತನ್ನ ಲೇಖನವನ್ನು ಮೂರನೆಯ ಸಲ ತಿದ್ದುತ್ತಿರಬಹುದು.