ಲೆಕ್ಕ ಹಾಕಿದವನೇ ಅಳೆಯಲು ಹೊರಟ

ಕಂಪ್ಯೂಟರ್ ಹೇಳಿದೆ ಅಂದ್ರೆ ಮುಗೀತು, ನಾವು ಮರುಮಾತಾಡಲ್ಲ. ಚುನಾವಣಾ ಸಮೀಕ್ಷೆ, ಮಳೆಯ ಮುನ್ಸೂಚನೆ ಅಂತ ದಿನಾ ಅಂಥ ಲೆಕ್ಕಗಳನ್ನ ನಿಮಗೆ ಓದಿ ಹೇಳೋನು ನಾನೇ. ಅದಕ್ಕೇ ಹೆಲಿಕಾಪ್ಟರ್ ಬ್ಲೇಡಿನ ಈ ಕಥೆಯನ್ನ ಹೇಳಲೇಬೇಕು ಅನ್ನಿಸಿತು.

ವಿಮಾನದ ರೆಕ್ಕೆ ತಾನು ಕಲಕಿದ ಗಾಳಿಯನ್ನ ಹಿಂದೆ ಬಿಟ್ಟು ಹೋಗುತ್ತೆ. ಹೆಲಿಕಾಪ್ಟರಿಗೆ ಆ ಭಾಗ್ಯ ಇಲ್ಲ. ಒಂದು ಬ್ಲೇಡಿನ ತುದಿಯಲ್ಲಿ ಎದ್ದ ಸುಳಿ ಇನ್ನೂ ಅಲ್ಲೇ ಇರುವಾಗ ಮುಂದಿನ ಬ್ಲೇಡ್ ಬಂದುಬಿಡುತ್ತೆ. ಮುಂದಕ್ಕೆ ಹಾರುವಾಗ ಇನ್ನೊಂದು ಫಜೀತಿ: ಒಂದು ಬದಿಯ ಬ್ಲೇಡಿಗೆ ಗಾಳಿ ಜೋರು, ಇನ್ನೊಂದು ಬದಿಯದಕ್ಕೆ ಸಾಲದು. ಸ್ಪೇನಿನ ಹ್ವಾನ್ ದೆ ಲಾ ಸಿಯೆರ್ವಾ ಅವರ ಮೊದಲ ಆಟೊಜೈರೊಗಳು ಪಕ್ಕಕ್ಕೆ ಮಗುಚಿದ್ದು ಇದರಿಂದಲೇ. ಬ್ಲೇಡಿನ ಬುಡಕ್ಕೆ ಕೀಲು ಹಾಕಿ, ಅದು ಮೇಲೆ ಕೆಳಗೆ ಆಡುವಂತೆ ಮಾಡಿದ ಮೇಲೆ 1923ರಲ್ಲಿ ಅವರ ಯಂತ್ರ ನೆಟ್ಟಗೆ ಹಾರಿತು.

ಆಮೇಲೆ ಕಂಪ್ಯೂಟರ್ ಬಂತು. ಚೌಕಾಬಾರದ ಮನೆಗಳ ಹಾಗೆ ಗಾಳಿಯನ್ನ ಸಣ್ಣ ಸಣ್ಣ ಮನೆಗಳಾಗಿ ಹೋಳು ಮಾಡಿ, ಒಂದೊಂದಕ್ಕೂ ಲೆಕ್ಕ ಹಾಕೋದು. ಮನೆ ದೊಡ್ಡದಾಯ್ತೋ, ನಿಜವಾದ ಸುಳಿ ಇನ್ನೂ ಸುತ್ತುತ್ತಿರುವಾಗಲೇ ಲೆಕ್ಕದ ಸುಳಿ ಕರಗಿಹೋಗುತ್ತೆ. ಪರದೆಯ ಮೇಲೆ ಚಿತ್ರವೇನೋ ಚೆಂದ. ಆದರೆ ನಿಜಾನಾ?

ಈಗ ಅಮೆರಿಕಕ್ಕೆ ಬನ್ನಿ. ಫ್ರಾನ್ಸಿಸ್ ಕ್ಯಾರಡೋನಾ 1972ರಲ್ಲೇ ಐಸಮ್ ಜೊತೆ ಸೇರಿ ಇಂಥ ಲೆಕ್ಕ ಪ್ರಕಟಿಸಿದ್ದವರು. ಅಷ್ಟಕ್ಕೇ ಬೀಗಲಿಲ್ಲ. ಚೀ ಟಂಗ್ ಜೊತೆ ಕ್ಯಾಲಿಫೋರ್ನಿಯಾದ ಏಮ್ಸ್ ಕೇಂದ್ರದಲ್ಲಿ ಎರಡೇ ಬ್ಲೇಡಿನ, ಸುಮಾರು 2.3 ಮೀಟರ್ ವ್ಯಾಸದ ಮಾದರಿಯನ್ನ ಕೋಣೆಯೊಳಗೆ ತಿರುಗಿಸಿದರು. ಬ್ಲೇಡಿನ ಉದ್ದಕ್ಕೂ ಐದು ಕಡೆ ಒತ್ತಡ ಅಳೆದರು, ಸುಳಿ ಸಾಗಿದ ದಾರಿಯನ್ನೂ ಗುರುತಿಸಿದರು. 1981ರ ಆ ಅಂಕಿಗಳ ಮುಂದೆ ಇವತ್ತಿಗೂ ಹೊಸ ಸಾಫ್ಟ್‌ವೇರ್‌ಗಳು ಪರೀಕ್ಷೆಗೆ ಕೂರುತ್ತವೆ.

1993-94ರಲ್ಲಿ ಬ್ಲ್ಯಾಕ್ ಹಾಕ್ ಹೆಲಿಕಾಪ್ಟರಿಗೆ 242 ಒತ್ತಡ ಮಾಪಕಗಳನ್ನ ಜೋಡಿಸಿದ ಬ್ಲೇಡ್ ಹಾಕಿ ಹಾರಿಸಿದರು. ಆ ಅಂಕಿಗಳಿಗೆ ಲೆಕ್ಕ ಸರಿಹೊಂದಲು ಹತ್ತು ವರ್ಷ ಬೇಕಾಯ್ತು. ಗಾಳಿಯ ಲೆಕ್ಕದ ಜೊತೆ ಬ್ಲೇಡ್ ಬಾಗುವ, ತಿರುಚಿಕೊಳ್ಳುವ ಲೆಕ್ಕವನ್ನೂ ಸೇರಿಸಿದ ಮೇಲೇ ಎರಡೂ ಹತ್ತಿರ ಬಂದವು.

ಹತ್ತು ವರ್ಷ ಯಾಕೆ ಒದ್ದಾಡಬೇಕು ಸ್ವಾಮಿ, ಚಿತ್ರ ತೋರಿಸಿ ಚಪ್ಪಾಳೆ ಗಿಟ್ಟಿಸಬಹುದಿತ್ತಲ್ಲ? ಬ್ಲೇಡಿಗೆ ಬೀಳುವ ಹೊಡೆತದ ಲೆಕ್ಕ ತಪ್ಪಿದರೆ ಅದರ ಆಯಸ್ಸಿನ ಲೆಕ್ಕವೂ ತಪ್ಪುತ್ತೆ. ಕೆಳಗೆ ಕೂತಿರೋದು ಮನುಷ್ಯರು. ಬ್ಲ್ಯಾಕ್ ಹಾಕ್ ಇರಲಿ, ನಮ್ಮ ಬೆಂಗಳೂರಿನ ಎಚ್‌ಎಎಲ್‌ನ ಧ್ರುವ ಇರಲಿ, ಗಾಳಿಗೆ ಎಲ್ಲರೂ ಒಂದೇ. ಅದು ನಮ್ಮ ಲೆಕ್ಕ ನೋಡಿ ಬೀಸಲ್ಲ.