ಕರ್ನಾಟಕದ ಸಾರ್ವಕಾಲಿಕ ಕ್ರಿಕೆಟ್ ತಂಡ

ಕ್ರಿಕೆಟ್ಟಿನ ಮೂರು ಪ್ರಕಾರಗಳಿಗೂ ಸಲ್ಲುವಂತೆ ಕರ್ನಾಟಕದ ಶ್ರೇಷ್ಠ ತಂಡವೊಂದನ್ನು ಆರಿಸುವ ಚರ್ಚೆಯು ಬೆಂಗಳೂರಿನಲ್ಲಿ ಹೇಗೋ, ಶರಾವತಿಯ ಹಿನ್ನೀರಿನಾಚೆಯ ತುಮರಿಯಲ್ಲಿಯೂ ಹಾಗೆಯೇ ನಡೆಯುವುದುಂಟು. ಆದರೆ ಅಂಕೆಗಳೊಂದೇ ಪ್ರಮಾಣವಾದರೆ ಹಿರಿಯರಿಗೆ ಅನ್ಯಾಯವಾಗುವುದು.

ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದುದು 1973ರ ನವೆಂಬರಿನಲ್ಲಿ. ಆ ಋತುವಿನಲ್ಲಿಯೇ ಪ್ರಸನ್ನರ ನಾಯಕತ್ವದ ತಂಡವು, 15 ವರ್ಷ ಸತತವಾಗಿ ರಣಜಿ ಪಾರಿತೋಷಕವನ್ನು ಗೆದ್ದಿದ್ದ ಬೊಂಬಾಯಿಯನ್ನು ಬೆಂಗಳೂರಿನಲ್ಲಿ ಹಿಂದಿಕ್ಕಿ, ಬಳಿಕ ಜಯಪುರದಲ್ಲಿ ರಾಜಸ್ಥಾನವನ್ನು ಸೋಲಿಸಿ, ಮೊದಲ ಬಾರಿಗೆ ಅದನ್ನು ಪಡೆಯಿತು. ಬೊಂಬಾಯಿಯೆದುರು 162 ರನ್ನುಗಳನ್ನು ಗಳಿಸಿದವರು ಭದ್ರಾವತಿಯಲ್ಲಿ ಜನಿಸಿದ ಜಿ. ಆರ್. ವಿಶ್ವನಾಥರು.

189 ಟೆಸ್ಟ್ ವಿಕೆಟ್ಟುಗಳನ್ನು ಕಿತ್ತ ಪ್ರಸನ್ನರು ಒಂದು ದಿನದ ಅಂತಾರಾಷ್ಟ್ರೀಯ ಪಂದ್ಯವನ್ನು ಆಡಲೇ ಇಲ್ಲ. 242 ಕಿತ್ತ ಚಂದ್ರಶೇಖರರು ಆಡಿದುದು ಒಂದೇ. ಇಪ್ಪತ್ತು ಓವರುಗಳ ಅಂತಾರಾಷ್ಟ್ರೀಯ ಪಂದ್ಯವನ್ನು ರಾಹುಲ್ ದ್ರಾವಿಡರು ಆಡಿದುದೂ ಒಂದೇ, 2011ರಲ್ಲಿ. ಇದನ್ನು ಶಕ್ತಿಯ ಕೊರತೆಯೆನ್ನಲಾಗದು. ಆ ಪ್ರಕಾರಗಳು ಅಂತಾರಾಷ್ಟ್ರೀಯ ಕ್ರೀಡೆಗೆ ಬಂದುದೇ 1971ರಲ್ಲಿ ಮತ್ತು 2005ರಲ್ಲಿ. 619 ಟೆಸ್ಟ್ ವಿಕೆಟ್ಟುಗಳನ್ನೂ 337 ಒಂದು ದಿನದ ವಿಕೆಟ್ಟುಗಳನ್ನೂ ಪಡೆದ ಅನಿಲ್ ಕುಂಬ್ಳೆಯವರು ಎರಡಕ್ಕೂ ಸಲ್ಲತಕ್ಕವರು. 1983ರ ವಿಶ್ವಕಪ್ಪಿನಲ್ಲಿ 18 ವಿಕೆಟ್ಟುಗಳಿಂದ ಅಗ್ರಗಣ್ಯರಾದ ರೋಜರ್ ಬಿನ್ನಿಯವರ ಸ್ಥಾನವು ಒಂದು ದಿನದ ತಂಡದಲ್ಲಿ.

ಆದುದರಿಂದ ಪ್ರಕಾರಕ್ಕೊಂದರಂತೆ ಮೂರು ತಂಡಗಳನ್ನು ಕಟ್ಟುವುದೇ ನ್ಯಾಯ. ಬಂಗಾರವನ್ನು ತೂಗುವ ತಕ್ಕಡಿಯಲ್ಲಿ ಅಡಕೆಯನ್ನು ತೂಗುವವರಿಲ್ಲವಷ್ಟೆ.