ಎಲ್ಲಿಡುವುದು ಎನ್ನುವ ಮುಂಚೆ ಯಾರದು ಎನ್ನುವುದು: ತೀರಿಕೊಂಡವರು ಬಿಟ್ಟ ಇಡುಗಂಟಿನ ಕುರಿತು ಒಂದು ಟಿಪ್ಪಣಿ

ಒಂದೇ ಸಲಕ್ಕೆ ಕೈಗೆ ಬಂದ, ಕರಗಿಸದೆ ಕಾಪಾಡಿಕೊಳ್ಳಬೇಕಾದ ಹಣಕ್ಕೆ ಕನ್ನಡದಲ್ಲಿ ಇಡುಗಂಟು ಎನ್ನುತ್ತೇವೆ. ಮನೆಯಲ್ಲಿ ದುಡಿಯುವವರು ತೀರಿಕೊಂಡರೆ, ವೈಕುಂಠ ಸಮಾರಾಧನೆ ಮುಗಿದ ವಾರದೊಳಗೇ ಈ ಗಂಟನ್ನು ಎಲ್ಲಿಡುವುದು ಎಂಬ ಮಾತು ಏಳುತ್ತದೆ. ಎಫ್‌ಡಿ ಮಾಡಿಸಿ ಎನ್ನುವವರೊಬ್ಬರು, ಸೈಟು ಕೊಳ್ಳಿ ಎನ್ನುವವರೊಬ್ಬರು, ಪರಿಚಯದ ಸೊಸೈಟಿಯಲ್ಲಿ ಒಂದೂವರೆ ಪರ್ಸೆಂಟ್ ಹೆಚ್ಚು ಬಡ್ಡಿ ಕೊಡುತ್ತಾರೆ ಎನ್ನುವವರೊಬ್ಬರು. ಆ ಹಣ ಯಾರದು ಎಂದು ಮಾತ್ರ ಯಾರೂ ಕೇಳುವುದಿಲ್ಲ. ಪಾಲಿನ ಮಾತೆತ್ತಿದರೆ ದುಃಖದ ಮನೆಯಲ್ಲಿ ಕೆಟ್ಟವರಾಗುತ್ತೇವೆಂಬ ಸಂಕೋಚ. ಯಾರದೆಂದು ಗೊತ್ತಾದರೆ ಎಲ್ಲಿಡಬೇಕೆಂಬುದು ಮುಕ್ಕಾಲು ಪಾಲು ಗೊತ್ತಾದಂತೆಯೇ ಎಂಬುದು ಈ ಟಿಪ್ಪಣಿಯ ವಾದ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಒಳಪಟ್ಟ, ಉಯಿಲು ಬರೆದಿಡದೆ ತೀರಿಕೊಂಡ ಪುರುಷರ ಆಸ್ತಿಗೆ ಮಾತ್ರ ಇದನ್ನು ಸೀಮಿತಗೊಳಿಸಿಕೊಂಡಿದ್ದೇನೆ.

ಎರಡು ತೀರ್ಪುಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು. ಸರ್ಬತಿ ದೇವಿ ಪ್ರಕರಣ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾದದ್ದು 1983ರ ಡಿಸೆಂಬರ್‌ನಲ್ಲಿ. ತೀರಿಕೊಂಡವರು ಜೀವವಿಮೆಗೆ ಹೆಂಡತಿಯನ್ನು ನಾಮಿನಿ ಮಾಡಿದ್ದರು. ಹಣದಲ್ಲಿ ಪಾಲು ಕೇಳಿ ನ್ಯಾಯಾಲಯಕ್ಕೆ ಹೋದವರಲ್ಲಿ ಅವರ ತಾಯಿ ಇದ್ದರು. ನಾಮಿನಿ ಹಣವನ್ನು ಪಡೆದುಕೊಳ್ಳಬಹುದು, ಒಡೆತನ ಮಾತ್ರ ವಾರಸುದಾರರದೇ ಎಂದು ನ್ಯಾಯಾಲಯ ಹೇಳಿತು. ನಲವತ್ತು ವರ್ಷ ದಾಟಿ 2025ರಲ್ಲಿ ಕರ್ನಾಟಕ ಹೈಕೋರ್ಟಿನ ಮುಂದೆ ಬಂದದ್ದು ಅದೇ ಚಿತ್ರದ ಮಗುಚಿದ ರೂಪ. ಮದುವೆಗೆ ಮುಂಚೆ ಮಾಡಿಸಿದ ವಿಮೆಗೆ ತಾಯಿ ನಾಮಿನಿ. ಮದುವೆಯಾಗಿ ಮಗುವಾದ ಮೇಲೂ ಆ ಹೆಸರು ಬದಲಾಗಿರಲಿಲ್ಲ. ಈ ಸಲ ಪಾಲು ಕೇಳಿದವರು ಹೆಂಡತಿ ಮತ್ತು ಮಗು. ನಡುವೆ 2015ರಲ್ಲಿ ವಿಮಾ ಕಾಯ್ದೆಯ 39ನೇ ಕಲಮಿಗೆ ತಿದ್ದುಪಡಿಯಾಗಿ, ತಂದೆತಾಯಿ, ಸಂಗಾತಿ, ಮಕ್ಕಳು ನಾಮಿನಿಯಾಗಿದ್ದರೆ ಹಣದ ಲಾಭ ಅವರದೇ ಎಂಬರ್ಥದ ಮಾತು ಸೇರಿತ್ತು. ಅದು ಉತ್ತರಾಧಿಕಾರ ಕಾಯ್ದೆಯನ್ನು ಮೀರುವುದಿಲ್ಲ ಎಂದು ಹೈಕೋರ್ಟ್ ತೀರ್ಮಾನಿಸಿತು. ತಾಯಿಗೆ, ಹೆಂಡತಿಗೆ, ಮಗುವಿಗೆ ಮೂರರಲ್ಲಿ ಒಂದೊಂದು ಪಾಲು. ಇದೇ ಕಲಮಿಗೆ ಬೇರೆ ಹೈಕೋರ್ಟುಗಳು ಬೇರೆ ಅರ್ಥ ಮಾಡಿರುವುದೂ ಉಂಟು. ನನಗೆ ಕರ್ನಾಟಕದ ತೀರ್ಪೇ ಸರಿ ಎನಿಸುತ್ತದೆ: ಮದುವೆಗೆ ಮುಂಚೆ ಫಾರಂ ತುಂಬುವಾಗ ಬರೆದ ಒಂದು ಹೆಸರು, ಆಮೇಲೆ ಹುಟ್ಟಿದ ಮಗುವಿನ ಪಾಲನ್ನು ಕಿತ್ತುಕೊಳ್ಳಬಾರದು.

ಮಗ ಸತ್ತರೆ ತಾಯಿ ಮೊದಲ ದರ್ಜೆಯ ವಾರಸುದಾರಳು, ತಂದೆ ಅಲ್ಲ. ಸೊಸೆಮೊಮ್ಮಕ್ಕಳ ಜೊತೆಗೆ ತನಗೂ ಸಮಪಾಲಿದೆ ಎಂಬುದು ಅನೇಕ ತಾಯಂದಿರಿಗೆ ತಿಳಿದೇ ಇರುವುದಿಲ್ಲ. ಬ್ಯಾಂಕ್ ಠೇವಣಿಗೆ ನಾಲ್ವರವರೆಗೆ ನಾಮಿನಿಗಳನ್ನು ಹೆಸರಿಸುವ ಅವಕಾಶ 2025ರ ನವೆಂಬರ್ 1ರಿಂದ ಬಂದಿದೆ. ಹೆಸರುಗಳು ಹೆಚ್ಚಿದ ಮಾತ್ರಕ್ಕೆ ಒಡೆತನದ ಪ್ರಶ್ನೆ ತೀರುವುದಿಲ್ಲ. ಜಮೀನಿನ ಕಡೆ ಇದೇ ತಪ್ಪು ಪೌತಿ ಖಾತೆಯಲ್ಲಾಗುತ್ತದೆ. ಅಪ್ಪ ತೀರಿದ ಮೇಲೆ ಪಹಣಿಯಲ್ಲಿ ಹಿರಿಯ ಮಗನ ಹೆಸರೊಂದೇ ಏರುತ್ತದೆ, ಹೆಣ್ಣುಮಕ್ಕಳಿಗೆ ಅರಿಶಿನ ಕುಂಕುಮಕ್ಕೆಂದು ಒಂದಿಷ್ಟು ಕೊಟ್ಟು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸುತ್ತಾರೆ. ಕಂದಾಯ ದಾಖಲೆಯ ಹೆಸರು ಒಡೆತನ ಕೊಡುವುದಿಲ್ಲ. ನಾಮಿನಿಯೂ ಕೊಡುವುದಿಲ್ಲ.

ಪಿತ್ರಾರ್ಜಿತ ಎಂಬ ಪದವೂ ಇಲ್ಲಿ ದಾರಿ ತಪ್ಪಿಸುತ್ತದೆ. ಅಪ್ಪನಿಂದ ಬಂದದ್ದೆಲ್ಲ ಪಿತ್ರಾರ್ಜಿತ, ಹಾಗಾಗಿ ಇಡೀ ಕುಟುಂಬದ್ದು ಎಂಬುದು ರೂಢಿಯ ನಂಬಿಕೆ. ಇದರ ಬೇರು ನಮ್ಮ ನೆಲದಲ್ಲೇ ಇದೆ. ಕಲ್ಯಾಣದಲ್ಲಿ, ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ, ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರಾ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ ದಾಯವನ್ನು ಎರಡಾಗಿ ನೋಡಿದ. ತಂದೆ, ತಾತಂದಿರ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು, ಅದು ಅಪ್ರತಿಬಂಧ. ಸಂತಾನವಿಲ್ಲದ ಚಿಕ್ಕಪ್ಪನದೋ ಅಣ್ಣನದೋ ಆಸ್ತಿ ಅವರು ತೀರಿದ ಮೇಲಷ್ಟೇ ಬರುತ್ತದೆ, ಅದು ಸಪ್ರತಿಬಂಧ. ಅದೇ ವಿಜ್ಞಾನೇಶ್ವರ ಹೆಣ್ಣಿಗೆ ವಾರಸಿನಿಂದ ಬಂದದ್ದನ್ನೂ ಸ್ತ್ರೀಧನಕ್ಕೆ ಸೇರಿಸಿದ್ದನೆಂಬುದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ನಂತರ ಚಿತ್ರ ಬದಲಾಯಿತು. ಅಪ್ಪನ ಸ್ವಯಾರ್ಜಿತ 8ನೇ ಕಲಮಿನಂತೆ ಮಗನಿಗೆ ಬಂದರೆ ಅದು ಮಗನ ಸ್ವಂತ ಆಸ್ತಿ ಎಂದು 1986ರ ಚಂದರ್ ಸೇನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ನಿಜವಾದ ಒಟ್ಟು ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಹಕ್ಕು ಕೊಡುವ ತಿದ್ದುಪಡಿಯನ್ನು ಕರ್ನಾಟಕ 1994ರ ಜುಲೈ 30ರಂದೇ ಜಾರಿಗೆ ತಂದಿತ್ತು, ಆದರೆ ಅಷ್ಟರೊಳಗೆ ಮದುವೆಯಾದವರನ್ನು ಹೊರಗಿಟ್ಟು. 2005ರ ಕೇಂದ್ರ ತಿದ್ದುಪಡಿ ಆ ಗೆರೆಯನ್ನು ಅಳಿಸಿತು.

ಇನ್ನು ಗಂಟಿನ ವಿಷಯ. ಮೂವತ್ತು ಲಕ್ಷ ಬಂದಿದೆ, ವಾರಸುದಾರರು ಅರವತ್ತೈದರ ತಾಯಿ, ಹೆಂಡತಿ, ಆರು ವರ್ಷದ ಮಗು ಎಂದಿಟ್ಟುಕೊಳ್ಳೋಣ. ಎಲ್ಲವನ್ನೂ ಹೆಂಡತಿಯ ಹೆಸರಲ್ಲಿ ಒಂದೇ ಬ್ಯಾಂಕಿನಲ್ಲಿಟ್ಟರೆ ಠೇವಣಿ ವಿಮೆಯ ರಕ್ಷಣೆ ಅಸಲು ಬಡ್ಡಿ ಸೇರಿ 5 ಲಕ್ಷಕ್ಕೆ ಮಾತ್ರ. 2020ರ ಫೆಬ್ರುವರಿ 4ರಿಂದ ಇದೇ ಮಿತಿ, ಅದಕ್ಕೂ ಮುಂಚೆ 1 ಲಕ್ಷವಿತ್ತು. ಒಡೆತನದಂತೆ ಹತ್ತತ್ತು ಲಕ್ಷವಾಗಿ ಬೇರ್ಪಡಿಸಿದರೆ, ಪ್ರತಿಯೊಬ್ಬರ ಪಾಲನ್ನೂ ಮೂರು ಬ್ಯಾಂಕುಗಳಲ್ಲಿ ಹಂಚಿ ಪೂರ್ತಿ ರಕ್ಷಣೆಯೊಳಗೆ ತರಬಹುದು. ಬಡ್ಡಿಯೂ ಲೆಕ್ಕಕ್ಕೆ ಸೇರುವುದರಿಂದ ಎರಡು ಬ್ಯಾಂಕು ಸಾಲವು. ಹೆಂಡತಿ ತನ್ನ ಹೆಸರಲ್ಲಿಟ್ಟದ್ದು, ಮಗುವಿನ ಪೋಷಕಿಯಾಗಿ ಇಟ್ಟದ್ದು ವಿಮೆಯ ಲೆಕ್ಕದಲ್ಲಿ ಬೇರೆ ಬೇರೆ. ಸಹಕಾರಿ ಬ್ಯಾಂಕುಗಳಿಗೂ ಈ ರಕ್ಷಣೆ ಇದೆ. ಪತ್ತಿನ ಸಹಕಾರ ಸಂಘಗಳಿಗೆ, ಸೌಹಾರ್ದ ಸಹಕಾರಿಗಳಿಗೆ ಇಲ್ಲ. ಆ ಒಂದೂವರೆ ಪರ್ಸೆಂಟಿನ ಬೆಲೆ ಅದು. ಇಡುಗಂಟಿನ ವಿಷಯದಲ್ಲಿ ಆ ಬೆಲೆ ತೆರಬಾರದೆಂದು ಗಟ್ಟಿಯಾಗಿ ಹೇಳುತ್ತೇನೆ, ಏಕೆಂದರೆ ಆ ಹಣವನ್ನು ಮತ್ತೆ ದುಡಿದು ತರುವವರು ಈಗ ಇಲ್ಲ.

ಅಜ್ಜಿಯ ಪಾಲಿಗೆ ಬೇಕಾದದ್ದು ಕೈಗೆ ಬರುವ ಬಡ್ಡಿ. ಅರವತ್ತು ದಾಟಿದವರಿಗೆ 30 ಲಕ್ಷದವರೆಗೆ ಇಡಲು ಬಿಡುವ, ಮೂರು ತಿಂಗಳಿಗೊಮ್ಮೆ ಬಡ್ಡಿ ಕೊಡುವ, ಐದು ವರ್ಷದ ಹಿರಿಯ ನಾಗರಿಕರ ಉಳಿತಾಯ ಯೋಜನೆ ಅವರಿಗೆ ಒಪ್ಪುತ್ತದೆ. ಇಡೀ ಗಂಟು ಸೊಸೆಯ ಹೆಸರಲ್ಲಿದ್ದರೆ ಆ ಬಾಗಿಲು ಮುಚ್ಚಿದಂತೆ. ಮಗುವಿನ ಪಾಲಿಗೆ ಹನ್ನೆರಡು ವರ್ಷ ಸಮಯವಿದೆ, ಒಂದು ಭಾಗ ಷೇರುಪೇಟೆಯ ಏರಿಳಿತ ತಡೆದುಕೊಂಡೀತು. ಸೊಸೆಯ ಪಾಲು ಇವೆರಡರ ನಡುವಿನದು. ಅವಳು ದುಡಿಯುತ್ತಾಳೋ ಇಲ್ಲವೋ ಎಂಬುದರ ಮೇಲೆ ನಿಲ್ಲುತ್ತದೆ.

ತೆರಿಗೆಯ ಮಾತು ಚಿಕ್ಕದು. ವಾರಸಿನಿಂದ ಬಂದದ್ದಕ್ಕೆ ತೆರಿಗೆ ಇಲ್ಲ, ಎಸ್ಟೇಟ್ ಸುಂಕ 1985ರಲ್ಲೇ ಹೋಯಿತು. ಆದರೆ ಬಂದ ಸೈಟನ್ನು ಮಾರಿದರೆ ಲಾಭದ ಲೆಕ್ಕಕ್ಕೆ ಹಿಡಿಯುವುದು ತೀರಿಕೊಂಡವರು ಕೊಂಡ ಬೆಲೆ. 2001ರ ಏಪ್ರಿಲ್ 1ಕ್ಕೂ ಹಿಂದೆ ಕೊಂಡಿದ್ದರೆ ಆ ದಿನದ ಮೌಲ್ಯವನ್ನು ಹಿಡಿಯಬಹುದು. ಬೀರುವಿನಲ್ಲಿರುವ ಹಳೆಯ ಕ್ರಯಪತ್ರವನ್ನು ಆಗ ತೆಗೆದು ತೋರಿಸಬೇಕಾಗುತ್ತದೆ.